ಡ್ರಾಪ್ ಅಲ್ಲ, ಗ್ಯಾಪ್

ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಹುಡುಗನನ್ನು ಬೆಂಗಳೂರಿನ ಬಡಾವಣೆಗಳು ಕೇಳುವುದು ಒಂದೇ ಪ್ರಶ್ನೆ: ‘ನೀಟ್ ಲಾಂಗ್ ಟರ್ಮಾ?’ ನಮ್ಮ ಕ್ರಾಸಿನ ಪುಟ್ಟ ಮಾತ್ರ ಇನ್ನೂ ಸರಿಯಾಗಿ ಬಾರದ ಗಡ್ಡ ಸವರಿಕೊಂಡು, ‘ಡ್ರಾಪ್ ಅಲ್ಲ ಆಂಟಿ, ಗ್ಯಾಪ್. ಒಂದು ವರ್ಷ ಪರಿಸರಕ್ಕೆ’ ಅನ್ನುತ್ತಾನೆ. ‘ಪಾಪ, ಸಿಇಟಿ ರ‍್ಯಾಂಕ್ ಬರಲಿಲ್ವಂತೆ’ ಎಂದು ಆಂಟಿ ಪಕ್ಕದ ಮನೆಗೆ ವರದಿ ಒಪ್ಪಿಸುತ್ತಾರೆ.

2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಪುಟ್ಟ ಪ್ರಬಂಧ ಬರೆದು ಸ್ಕೂಲಿಗೇ ಮೊದಲ ಬಹುಮಾನ ಗೆದ್ದಿದ್ದ. ಅವತ್ತು ತಲೆಗೆ ಹತ್ತಿದ್ದು ಇಳಿದಿಲ್ಲ.

ಕೆಲಸಕ್ಕಿಂತ ಮುಂಚೆ ಸಾಮಾನು ಬಂತು. ಬಿದಿರಿನ ಬ್ರಷ್ಷು, ಸ್ಟೀಲ್ ಸ್ಟ್ರಾ, ದುರ್ಬೀನು, ಕಾಡುಬಣ್ಣದ ಟೋಪಿ. ಒಂದೊಂದೂ ಬೇರೆ ಬೇರೆ ಡಬ್ಬಿಯಲ್ಲಿ, ಗುಳ್ಳೆ ಪ್ಲಾಸ್ಟಿಕ್ ಹೊದ್ದುಕೊಂಡು. ಆ ವಾರ ಒಣಕಸದ ಚೀಲ ಎತ್ತಿದ ಪೌರಕಾರ್ಮಿಕ ಅಕ್ಕ, ‘ಮನೇಲಿ ಮದುವೆನಾ?’ ಎಂದು ಕೇಳಿದರು.

ಆಮೇಲೆ ಅರ್ಜಿಗಳ ಕಾಲ. ಕೋಸ್ಟರಿಕಾದಲ್ಲಿ ಕಡಲಾಮೆ ಮೊಟ್ಟೆ ಕಾಯುವ ಕೆಲಸವಂತೆ; ಊಟ, ವಸತಿ, ವಿಮಾನ ಎಲ್ಲ ಇವನದೇ ಖರ್ಚು. ‘ಅಂದ್ರೆ ಸಂಬಳ ನಾವು ಕೊಡೋದಾ?’ ಅಂದರು ಅಪ್ಪ. ಹೊನ್ನಾವರ ತವರಿನ ಅಜ್ಜಿಯದು ಬೇರೆ ತಕರಾರು: ‘ಅಷ್ಟು ದೂರ ಎಂತಕ್ಕೆ ತಮಾ? ನಮ್ಮ ಕಾಸರಕೋಡು ಟೊಂಕದಲ್ಲೂ ಆಮೆ ಮೊಟ್ಟೆ ಇಡ್ತದೆ. ಅದೂ ಬ್ಯಾಡ, ಹಿತ್ತಲಲ್ಲಿ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದದೆ, ಮೊದ್ಲು ಅದನ್ನ ಕೀಳು.’ ಅದರಲ್ಲಿ ಇಂಪ್ಯಾಕ್ಟ್ ಇಲ್ಲವೆಂದು ಪುಟ್ಟ ಅಜ್ಜಿಗೆ ವಿವರಿಸಿದ. ಅಜ್ಜಿ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡರು.

ಕಡೆಗೆ ಸಿಕ್ಕಿದ್ದು ನಮ್ಮದೇ ಕೆರೆ. ನೀರೇ ಕಾಣದಂತೆ ಅಂತರಗಂಗೆ ಹಬ್ಬಿತ್ತು; ತಿಳಿನೇರಳೆ ಹೂವು, ಗಾಳಿ ತುಂಬಿ ಉಬ್ಬಿದ ತೊಟ್ಟು. ಪುಟ್ಟ ಮೊಣಕಾಲೂರಿ ಫೋಟೊ ತೆಗೆದ. ಕೆರೆ ಸಮಿತಿಯ ನಿವೃತ್ತ ಮೇಷ್ಟ್ರು ಕಾದು ನಿಂತು, ‘ಆಯ್ತೇನಪ್ಪ? ಈಗ ಬುಡಕ್ಕೆ ಕೈ ಹಾಕು’ ಅಂದರು. ಎಳೆದರೆ ಮೊಳದುದ್ದ ಕಪ್ಪು ಬೇರು. ಅದರಿಂದ ಇಳಿದ ಕೊಚ್ಚೆ ಕೈಗವಸಿನೊಳಗೆ ಸೇರಿ ಮೊಣಕೈವರೆಗೂ ಹರಿಯಿತು. ಕೆರೆಗೆ ಒಳಚರಂಡಿ ನೀರು ಬರುವ ತನಕ ಈ ಕಳೆಗೆ ಗೊಬ್ಬರದ ಕೊರತೆಯಿಲ್ಲ, ಎರಡು ವಾರದಲ್ಲಿ ದುಪ್ಪಟ್ಟಾದರೂ ಆಯಿತು ಎಂದು ಮೇಷ್ಟ್ರು ಪಾಠ ಮಾಡಿದರು.

‘ಮತ್ತೆ ಕೀಳೋದ್ಯಾಕೆ ಸಾರ್?’

‘ಬರೋ ಭಾನುವಾರ ಬಾ, ಹೇಳ್ತೀನಿ.’

ಎಷ್ಟೋ ಭಾನುವಾರ ಕಳೆದವು. ಮೇಷ್ಟ್ರು ಇನ್ನೂ ಹೇಳಿಲ್ಲ, ಪುಟ್ಟ ಹೋಗುವುದು ಬಿಟ್ಟಿಲ್ಲ. ಕಾಲೇಜು ಶುರುವಾದರೆ ಕೆರೆಗೆ ಒಂದಾಳು ಕಡಿಮೆ. ಬಿಡುವಿದ್ದವರು ಬನ್ನಿ, ಗಂಬೂಟು ನೀವೇ ತನ್ನಿ.