ಖಾತಾ ಇಲ್ಲದ ಹೆಬ್ಬಾತು

ದೊಮ್ಮಲೂರಿನ ನಮ್ಮ ನಿವಾಸಿಗಳ ಸಂಘಕ್ಕೆ ಪಾರಿವಾಳದ ಕಾಟವೇ ಹಾಸಿ ಹೊದೆಯುವಷ್ಟಿದೆ. ಬಾಲ್ಕನಿಗಳಿಗೆ ನೈಲಾನ್ ಬಲೆ, ಸಜ್ಜಾದ ಮೇಲೆ ಪ್ಲಾಸ್ಟಿಕ್ ಮುಳ್ಳು, ನೀರಿನ ಟ್ಯಾಂಕಿನ ಮೇಲೊಂದು ಪ್ಲಾಸ್ಟಿಕ್ ಗೂಬೆ. ಆ ಗೂಬೆಯ ತಲೆಯ ಮೇಲೇ ಕೂತು ಪಾರಿವಾಳಗಳು ಗುಟುರು ಹಾಕುತ್ತವೆ. ಹೀಗಿರುವಾಗ ಕಾರ್ಯದರ್ಶಿಗಳ ಅಳಿಯ ನ್ಯೂಜೆರ್ಸಿಯಿಂದ ರಜೆಗೆ ಬಂದರು. ಅಲ್ಲಿ ಅವರ ಲಾನಿಗೆ ಕೆನಡಾ ಹೆಬ್ಬಾತುಗಳು ಹಿಂಡುಹಿಂಡಾಗಿ ಇಳಿಯುತ್ತವಂತೆ. ಅವನ್ನು ಹಿಂಸೆ ಮಾಡದೆ ದೂರ ಇಡುವುದು ಹೇಗೆ ಎಂದು ಸಂಘದ ಸಭೆಯಲ್ಲಿ ಒಂದು ಗಂಟೆ ಸ್ಲೈಡು ತೋರಿಸಿದರು. ದೊಮ್ಮಲೂರಿಗೆ ಹೆಬ್ಬಾತು ಬರೋದೇ ಇಲ್ಲವಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ‘ಬರುವ ಮೊದಲೇ ತಯಾರಾಗೋದಕ್ಕೇ ಪ್ಲಾನಿಂಗ್ ಅನ್ನೋದು’ ಅಂದರು ಅಳಿಯಂದಿರು. ಈ ಊರಿನಲ್ಲಿ ಅಂಥ ಮಾತು ಕೇಳಿ ಬಹಳ ಕಾಲವಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎದುರು ಪಕ್ಷದವರ ಮಾತನ್ನೂ ಕೇಳಬೇಕೆಂದು ಠರಾವಾಗಿ, ಆ ಕೆಲಸ ನನ್ನ ಕೊರಳಿಗೆ ಬಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಪಾರ್ಕಿನಲ್ಲಿ, ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಬೋರ್ಡಿನ ಪಕ್ಕದಲ್ಲೇ, ಹುಲ್ಲಿನ ಮೇಲೆ ನಿಂತು ಹುಲ್ಲು ಮೇಯುತ್ತಿದ್ದವರು ಸಿಕ್ಕರು. ಬೂದು ಮೈ, ಬಿಳಿ ತಲೆ, ನೆತ್ತಿಯ ಹಿಂದೆ ಬಾಚಣಿಗೆಯಿಂದ ಎಳೆದಂತೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಪಟ್ಟೆತಲೆ ಹೆಬ್ಬಾತು. ಮಾಗಡಿ ಕೆರೆಯಿಂದ ಬಂದದ್ದಂತೆ. ನಮ್ಮ ಕೆಂಪೇಗೌಡರ ಮಾಗಡಿಯಲ್ಲ, ಗದಗ ಜಿಲ್ಲೆ ಶಿರಹಟ್ಟಿ ಕಡೆಯ ಮಾಗಡಿ.

ನಾನು: ನಮಸ್ಕಾರ ಮೇಡಂ. ನೀವು ಹುಟ್ಟಿದ್ದು ಮಂಗೋಲಿಯಾದಲ್ಲಿ, ಮಾತು ಮಾತ್ರ ಗದಗದ್ದು!

ಹೆಬ್ಬಾತು: ಅದ್ರಾಗ ಏನೈತಪಾ ತಮ್ಮಾ? ವರ್ಷಾ ಚಳಿಗಾಲ ಪೂರಾ ಮಾಗಡ್ಯಾಗ ಇರ್ತೀನಿ. ನಾಕು ತಿಂಗಳು ಅಲ್ಲಿ ನೀರು ಕುಡದ್ರ ಅಲ್ಲಿ ಮಾತು ಬರ್ತೈತಿ. ನಿಮ್ಮೂರಾಗ ಇಪ್ಪತ್ತು ವರ್ಷ ಇದ್ದವರಿಗೆ ‘ಕನ್ನಡ ಗೊತ್ತಿಲ್ಲ’ ಅನ್ನೂದೊಂದ ಬರ್ತೈತಂತ, ಖರೇನ?

ನಾನು: ಹಿಮಾಲಯ ದಾಟಿ ಬರ್ತೀರಂತೆ. ಪ್ರಯಾಣ ಕಷ್ಟ ಅಲ್ವಾ?

ಹೆಬ್ಬಾತು: ವಿಜ್ಞಾನಿಗಳು ನಮ್ಮವರ ಬೆನ್ನಿಗೆ ಯಂತ್ರ ಕಟ್ಟಿ ಅಳದಾರ. 7,290 ಮೀಟರ್ ಎತ್ತರದಾಗ ಒಬ್ಬಾಕಿ ಹಾರಿದ್ದು ದಾಖಲಾಗೈತಿ. ಅಲ್ಲೆ ಮನುಷ್ಯಾಗ ನಾಕು ಹೆಜ್ಜಿ ಇಡಾಕ ಆಗಂಗಿಲ್ಲ. ನಮ್ಮ ರಕ್ತ ಇದ್ದಷ್ಟ ಆಮ್ಲಜನಕಾನ ಗಟ್ಟಿ ಹಿಡಕೊಂತೈತಿ, ಅದಕ್ಕ ನಡೀತೈತಿ. ಅಷ್ಟೆಲ್ಲಾ ದಾಟಿ ಬಂದಾಕಿಗೆ ಉಸುರು ಕಟ್ಟಿದ್ದು ಬೆಳ್ಳಂದೂರು ಕೆರಿ ಮ್ಯಾಲೆ ಬಂದಾಗ. 2018ರ ಜನವರ್ಯಾಗ ಆ ಕೆರಿಗೆ ಬೆಂಕಿ ಹತ್ತಿ, ಆರಸಾಕ ಮಿಲಿಟರಿಯವರು ಬಂದಿದ್ರಂತಲ್ಲ? ನೀರು ಹಾಕಿ ಬೆಂಕಿ ಆರಸೂದು ಕಂಡೇವಿ. ನೀರಿಗೇ ಬೆಂಕಿ ಹತ್ತಿದ್ರ ಏನು ಹಾಕ್ತೀರಿ?

ನಾನು: ಅದು ಬೇರೆ ಇಲಾಖೆ. ನಾವೀಗ ಹುಲ್ಲಿನ ವಿಷಯಕ್ಕೆ ಬರೋಣ. ಲಾನೇ ಯಾಕೆ ಬೇಕು ನಿಮಗೆ?

(ಉತ್ತರಕ್ಕೆ ಮೊದಲು ಮೇಡಂ ಕತ್ತು ಬಗ್ಗಿಸಿ, ಕೊಕ್ಕಿನ ಅಂಚಿಗೆ ಹುಲ್ಲಿನ ತುದಿ ಸಿಕ್ಕಿಸಿ, ಕತ್ತನ್ನು ಪಕ್ಕಕ್ಕೆ ಜಗ್ಗಿದರು. ಚರ್ ಎಂದು ಹರಿಯಿತು. ಬೇರು ಅಲ್ಲೇ ಉಳಿಯಿತು.)

ಹೆಬ್ಬಾತು: ನೋಡಿದ್ಯಾ? ಎಳೀದು. ನೀವು ಕತ್ತರಿಸಿದಷ್ಟೂ ಎಳೆ ಚಿಗುರು ಬರ್ತೈತಿ. ಬಲತ ಹುಲ್ಲು ನಮಗ ಸೇರಂಗಿಲ್ಲ. ಇನ್ನ ಸಣ್ಣ ಹುಲ್ಲಿನಾಗ ನರಿ ಬಂದ್ರ ದೂರದಿಂದ ಕಾಣತೈತಿ. ಬಾಜೂಕ ಒಂದು ಹೊಂಡ ಇದ್ರಂತೂ ಕೇಳೂದ ಬ್ಯಾಡ, ಹೆದರಿಕಿ ಆದ ಕೂಡ್ಲೆ ನೀರಿಗೆ ಇಳೀಬೋದು. ಎಳೆ ಹುಲ್ಲು, ಬಯಲು, ನೀರು. ಮೂರನ್ನೂ ಮುತುವರ್ಜಿಲೆ ತಯಾರು ಮಾಡಿ, ಊಟಕ್ಕ ಎಲಿ ಹಾಕಿದಂಗ ಹಾಕಿ, ಆಮ್ಯಾಲೆ ‘ಯಾಕ ಬಂದಿ’ ಅಂತ ಕೇಳ್ತೀರಿ.

ನಾನು: ಗಲೀಜು ಮಾಡ್ತೀರಿ ಅನ್ನೋದು ಮುಖ್ಯ ದೂರು.

ಹೆಬ್ಬಾತು: ಹುಲ್ಲಿನಾಗ ಸತ್ವ ಕಮ್ಮಿ. ಭಾಳ ತಿನ್ನಬೇಕು, ಹೊಟ್ಟಿ ಲಗೂ ಖಾಲಿ ಆಗತೈತಿ. ತಾಸಿಗೆ ನಾಕೈದು ಸಲ ಆಗೂದ. ಹಂಗಂತ ಪ್ಲಾಸ್ಟಿಕ್ ಚೀಲದಾಗ ಕಟ್ಟಿ, ಸ್ಕೂಟರ್ ಮ್ಯಾಲಿಂದ ಮಂದಿ ಕಾಂಪೌಂಡಿನ ಮೂಲಿಗೆ ಒಗದು ಹೋಗೂ ರೂಢಿ ನಮಗಿಲ್ಲ.

ನಾನು: ಅಮೆರಿಕದಲ್ಲಿ ನಿಮ್ಮ ಬಂಧುಗಳ ಮೇಲೂ ಇದೇ ದೂರು.

ಹೆಬ್ಬಾತು: ಕೆನಡಾದವರಾ? ದಾಯಾದಿಗಳು. ಅವರ ಕತಿ ಮಜಾ ಐತಿ. ಹೊಡದು ತಿಂದು ತಿಂದು, ದೊಡ್ಡ ಜಾತಿಯವರು ಸಂತಾನ ಇಲ್ಲದಂಗ ಹೋದ್ರು ಅಂತ ಬರಕೊಂಡಿದ್ರು. 1962ರಾಗ ಮಿನೆಸೋಟದ ರಾಚೆಸ್ಟರ್ ಊರಾಗ ಒಂದು ಹಿಂಡು ಸಿಕ್ತು. ಆಗ ಅಯ್ಯೋ ಪಾಪ ಅಂತ ಸಾಕಿದ್ರು, ಊರೂರಿಗೆ ಒಯ್ದು ಬಿಟ್ರು. ಅದ ಹೊತ್ತಿಗೆ ಮನಿ ಮುಂದ ಲಾನು, ಆಫೀಸಿನ ಮುಂದ ಲಾನು, ನಡುವ ಒಂದು ಚೆಂದನ ಹೊಂಡ ಮಾಡಿದ್ರು. ಕರದು ಕುಂದರಿಸಿದ್ದು ಅವರ. ಈಗ ನಿಮ್ಮ ಅಳಿಯಂದಿರು ಸ್ಲೈಡ್ ಹಾಕ್ಯಾರ.

ನಾನು: ಸ್ಲೈಡಿನಲ್ಲಿದ್ದ ಉಪಾಯಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಮೊದಲನೇದು ನಾಯಿ. ಕುರಿ ಕಾಯೋ ಬಾರ್ಡರ್ ಕೋಲಿ. ಕಚ್ಚೋದಿಲ್ಲ, ಬರೀ ಬೆನ್ನಟ್ಟುತ್ತೆ.

ಹೆಬ್ಬಾತು: ಚಲೋ ಉಪಾಯ. ನಮಗ ಅದು ತೋಳ ಕಂಡಂಗ ಕಾಣತೈತಿ, ಹಾರಿ ಹೋಗ್ತೀವಿ. ಆದ್ರ ನಿಮ್ಮ ಬೀದ್ಯಾಗ ಆ ನಾಯಿ ಇಳಿಸಿದ್ರ, ಇಲ್ಲಿ ನಾಯಿಗಳಿಂದ ಅದನ್ನ ಕಾಪಾಡಾಕ ಯಾರನ್ನ ಬಿಡ್ತೀರಿ?

ನಾನು: ಎರಡನೇದು, ಮೊಟ್ಟೆಗೆ ಜೋಳದ ಎಣ್ಣೆ ಸವರೋದು. ಚಿಪ್ಪಿನ ತೂತು ಮುಚ್ಚಿ ಒಳಗೆ ಮರಿ ಬೆಳೆಯಲ್ಲ. ಮೊಟ್ಟೆ ಕದ್ದರೆ ತಾಯಿ ಮತ್ತೆ ಇಡುತ್ತೆ. ಎಣ್ಣೆ ಸವರಿ ಅಲ್ಲೇ ಬಿಟ್ಟರೆ ಗೊತ್ತಾಗದೆ ಕಾವು ಕೊಡ್ತಾ ಇರುತ್ತೆ. ಮೊದಲು ನೀರಲ್ಲಿ ಹಾಕಿ ನೋಡ್ಬೇಕು. ತೇಲಿದರೆ ಮರಿ ಬೆಳೆದಿದೆ ಅಂತ ಅರ್ಥ, ಆಗ ಮುಟ್ಟಬಾರದು. ಪ್ರಾಣಿದಯೆಯವರೂ ಒಪ್ಪಿದ ವಿಧಾನ ಇದು.

ಹೆಬ್ಬಾತು: (ಸ್ವಲ್ಪ ಹೊತ್ತು ಸುಮ್ಮನಿದ್ದು) ತಾಯಿ ಆದಾಕಿ ಮುಂದ ಹೇಳೂ ಮಾತೇನ ಇದು? ಇರ್ಲಿ. ನಾವು ಮೊಟ್ಟಿ ಇಡೂದು ಮಂಗೋಲಿಯಾ, ಟಿಬೆಟ್ ಕಡೆ. ನಿಮ್ಮ ಸಂಘದವರಿಗೆ ಪಾಸ್‌ಪೋರ್ಟ್ ಮಾಡಸ್ರಿ, ಎಣ್ಣಿ ಡಬ್ಬಿ ಹಿಡಕೊಂಡು ಬರ್ಲಿ. ಚಳಿಗೆ ಅದು ಹೆಪ್ಪುಗಟ್ಟಿದ್ರ ನನ್ನ ಕೇಳಬ್ಯಾಡ್ರಿ.

ನಾನು: ಮೂರನೇದು, ಹುಲ್ಲು ಕತ್ತರಿಸದೆ ಮೊಣಕಾಲೆತ್ತರ ಬಿಡೋದು. ನೀರಿನ ಅಂಚಿಗೆ ಪೊದೆ, ಜೊಂಡು ಬೆಳೆಸೋದು. ಯಾರೂ ತಿಂಡಿ ಹಾಕದಿರೋದು.

ಹೆಬ್ಬಾತು: ಇದೊಂದು ಖರೆ ಉಪಾಯ. ಲೇಸರ್, ಪ್ಲಾಸ್ಟಿಕ್ ಗೂಬಿ, ಇವೆಲ್ಲಾ ನಾಕು ದಿನದ ಆಟ. ಐದನೇ ದಿನ ಗೊತ್ತಾಗತೈತಿ. ಹುಲ್ಲು ಎತ್ತರ ಆದ್ರ ನಾವಾಗೇ ಬರಂಗಿಲ್ಲ. ಪುಕ್ಕಟ ಆಗತೈತಿ, ಮಾಲಿ ಕೂಲಿನೂ ಉಳೀತೈತಿ. ಸಭಾದಾಗ ಇದನ್ನ ಒಪ್ಪಿದ್ರೇನು?

ನಾನು: ಇಲ್ಲ ಮೇಡಂ. ಹಾವು ಬರುತ್ತೆ ಅಂದರು. ಆಸ್ತಿ ಬೆಲೆ ಇಳಿಯುತ್ತೆ ಅಂತಲೂ ಒಬ್ಬರು ಹೇಳಿದರು.

ಹೆಬ್ಬಾತು: ಹಂಗಾದ್ರ ಬಾತು ಬ್ಯಾಡ, ಬಾತು ಬರೂ ಹುಲ್ಲು ಮಾತ್ರ ಬೇಕು.

ನಾನು: ಮೂಲ ಪ್ರಶ್ನೆ ಅತಿಕ್ರಮಣದ್ದು. ಖಾಸಗಿ ಜಾಗಕ್ಕೆ ದಾಖಲೆ ಇಲ್ಲದೆ ಇಳಿಯೋದು ತಪ್ಪಲ್ವಾ? ನಿಮ್ಮ ಹತ್ರ ಎ ಖಾತಾ ಇದೆಯೋ, ಬಿ ಖಾತಾ ಇದೆಯೋ?

(ಈ ಪ್ರಶ್ನೆಯನ್ನು ಕಾರ್ಯದರ್ಶಿಗಳು ಬರೆದುಕೊಟ್ಟಿದ್ದರು. ಮೇಡಂ ಮೊದಲ ಬಾರಿಗೆ ರೆಕ್ಕೆ ಬಿಚ್ಚಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.)

ಹೆಬ್ಬಾತು: ದಾಖಲೆ ಕೇಳ್ತಿ? ಇಲ್ಲೇ ನಿಮ್ಮ ಚೊಕ್ಕನಾಥಸ್ವಾಮಿ ಗುಡಿಗೆ ಹೋಗು. ಚೋಳರ ಕಾಲದ ಗುಡಿ, ಕಲ್ಲಿನ ಮ್ಯಾಲೆ ತಮಿಳಿನಾಗ ಕೊರದಾರ. ಹದಿಮೂರನೇ ಶತಮಾನದಾಗ ಗಂಡ ಹೆಂಡತಿ ಕೂಡಿ ವಿಣ್ಣಮಂಗಲದ ಕೆರಿ ಉತ್ಪನ್ನಾನ ದೇವರಿಗೆ ಬಿಟ್ಟದ್ದು ಅದ್ರಾಗ ಐತಿ. ಬಿನ್ನಮಂಗಲ ಅನ್ನೂ ಹೆಸರು ಇಂದಿರಾನಗರದವರ ವಿಳಾಸದಾಗ ಇನ್ನೂ ಐತಿ. ಕೆರಿ ಎಲ್ಲೈತಿ, ನೀನ ಹೇಳು. ದೇವರ ಖಾತಾದಾಗಿದ್ದ ಕೆರಿ ಅದು!

ಇನ್ನ ಈ ಕಡೆ ಚಲ್ಲಘಟ್ಟ. ಅಲ್ಲೊಂದು ಕೆರಿ ಇತ್ತು. ಈಗ ಗಾಲ್ಫ್ ಮೈದಾನ. ನಾನು ಮ್ಯಾಲಿಂದ ನೋಡಿದೆ: ಹಸರಂದ್ರ ಹಸರು, ರೇಷ್ಮಿ ಹಾಸಿದಂಗ ಸಣ್ಣ ಹುಲ್ಲು, ನಡುನಡುವ ಹೊಂಡ. ನಮ್ಮಜ್ಜಿ ಹೇಳಿದ ಗುರುತು ಹಿಡದು ಇಳದ್ರ ಅತಿಕ್ರಮಣ ಅಂತಿ. ಕೆರಿ ಇದ್ದಲ್ಲಿಗೆ ನೀರಹಕ್ಕಿ ಬಂದ್ರ ಅತಿಕ್ರಮಣ, ಕೆರ್ಯಾಗ ಲಾನು ಬಂದ್ರ ಅಭಿವೃದ್ಧಿ!

ನಿಮ್ಮೂರಿನ ಕೆರಿಗಳಿಗೆ ಎಲ್ಲಿಲ್ಲದ ಆಟದ ಹುಚ್ಚು ನೋಡು. ಸಂಪಂಗಿ ಕೆರಿ ಕಂಠೀರವ ಕ್ರೀಡಾಂಗಣ ಆತು, ಓಡಾಕ ಹತ್ತಿತು. ಶೂಲೆ ಕೆರಿ ಫುಟ್‌ಬಾಲ್ ಆಡತೈತಿ. ಅಕ್ಕಿತಿಮ್ಮನಹಳ್ಳಿ ಕೆರಿ ಹಾಕಿ. ಚಲ್ಲಘಟ್ಟದ್ದು ಗಾಲ್ಫ್. ಕೋರಮಂಗಲದ ಕೆರಿಯಂತೂ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕ ಊರಿಗೆ ಊರನ್ನ ತನ್ನ ಮ್ಯಾಲೆ ಕಟ್ಟಿಸಿಕೊಂಡಿತು. ಈಜೂದೊಂದನ್ನ ಬಿಟ್ಟು ಎಲ್ಲಾ ಆಟ ಕಲತಾವ.

ನಾನು: ಆದರೆ ಉಳಿದ ಕೆರೆಗಳನ್ನ ಪುನರುಜ್ಜೀವನ ಮಾಡ್ತಾ ಇದ್ದೀವಲ್ಲ ಮೇಡಂ? ಎಷ್ಟು ಖರ್ಚು ಮಾಡಿದ್ದೀವಿ!

ಹೆಬ್ಬಾತು: ಮಾಡೀರಿ. ಸುತ್ತ ಕಲ್ಲಿನ ಅಂಚು, ಅದರ ಮ್ಯಾಲೆ ವಾಕಿಂಗ್ ದಾರಿ, ಗ್ರಿಲ್ಲು, ಎಲ್‌ಇಡಿ ದೀಪ. ಒಳಗ ಹೂಳು ಎತ್ತಿ ಎತ್ತಿ ಸೂಪಿನ ಬಟ್ಟಲಾ ಮಾಡೀರಿ. ದಂಡಿಯಿಂದ ಒಂದು ಹೆಜ್ಜಿ ಇಟ್ರ ಸೀದಾ ಆಳ. ಹಕ್ಕಿಗೆ ಬೇಕಾದ್ದು ಪಾದ ಮುಳಗೂವಷ್ಟು ನೀರು, ಕೆಸರು, ಜೊಂಡು. ಅದನ್ನ ಗಲೀಜು ಅಂತ ತಗದ್ರಿ. ಅಮೆರಿಕದವರು ಎಷ್ಟೋ ವರ್ಷದಿಂದ ಹೆಬ್ಬಾತು ಓಡಸಾಕ ಒದ್ದಾಡಾಕತ್ತಾರ. ನೀವು ನಾಯಿ ಬಿಡ್ಲಿಲ್ಲ, ಎಣ್ಣಿ ಹಚ್ಚಲಿಲ್ಲ, ಒಂದು ಹಕ್ಕಿ ಗರಿ ಕೊಂಕಿಸ್ಲಿಲ್ಲ. ಆದ್ರೂ ಎಲ್ಲಾರನ್ನೂ ಓಡಿಸಿದ್ರಿ. ನ್ಯೂಜೆರ್ಸಿಯವರು ಸ್ಲೈಡು ಬರಕೊಳ್ಳಾಕ ನಿಮ್ಮಲ್ಲಿಗೆ ಬರಬೇಕು.

ನಿಮ್ಮ ಕೋರಮಂಗಲ–ಚಲ್ಲಘಟ್ಟ ಕಣಿವಿ ನೀರು ಸಂಸ್ಕರಣ ಆಗಿ 2018ರಿಂದ ಕೋಲಾರದ ಕೆರಿಗಳಿಗೆ ಹೊಂಟೈತಿ. ಕೆರಿ ಇಲ್ಲೆ ಮುಚ್ಚಿ, ನೀರು ಅಲ್ಲಿಗೆ ಕಳಸಿ, 2024ರ ಬ್ಯಾಸಿಗ್ಯಾಗ ಟ್ಯಾಂಕರಿಗೆ ಕ್ಯೂ ನಿಂತ್ರಿ. ಹನ್ನೆರಡು ಸಾವಿರ ಲೀಟರಿಗೆ ಸರ್ಕಾರನ ಸಾವಿರ ರೂಪಾಯಿ ಅಂತ ದರ ಗೊತ್ತು ಮಾಡಿತ್ತಲ್ಲ? ನಿಮ್ಮ ಲೆಕ್ಕಾಚಾರ ಹಕ್ಕಿ ತಲಿಗೆ ಹತ್ತಂಗಿಲ್ಲಪಾ.

ನಾನು: ವಿಮಾನಗಳಿಗೆ ಅಪಾಯ ಇದೆ ಅನ್ನೋದನ್ನಾದರೂ ಒಪ್ತೀರಾ? ಎಚ್‌ಎಎಲ್ ನಿಲ್ದಾಣ ಇಲ್ಲೇ ಹತ್ತಿರ.

ಹೆಬ್ಬಾತು: ಅದನ್ನ ಒಪ್ತೀನಿ. 2009ರ ಜನವರಿ 15ಕ್ಕ ನ್ಯೂಯಾರ್ಕಿನಾಗ ನಮ್ಮ ದಾಯಾದಿಗಳು ಎಂಜಿನ್ನಿಗೆ ಸಿಕ್ಕು, ವಿಮಾನ ಹಡ್ಸನ್ ನದ್ಯಾಗ ಇಳೀತು. ಒಳಗಿದ್ದ 155 ಮಂದಿ ಉಳಕೊಂಡ್ರು, ಪೈಲಟ್ ಪುಣ್ಯಾತ್ಮ. ಎಂಜಿನ್ನಿಗೆ ಸಿಕ್ಕವರ ಸುದ್ದಿ ಬ್ಯಾಡ. ಅಲ್ಲೆ ನಾವು ಇರಬಾರದು, ಮಾತು ಮುಗೀತು. ನಿಮ್ಮ ಏರೋ ಇಂಡಿಯಾದ ಉಪಾಯ ನನಗ ಸೇರತೈತಿ. 2025ರಾಗ ಯಲಹಂಕದ ಸುತ್ತ 13 ಕಿಲೋಮೀಟರ್ ಮಟನ್ ಅಂಗಡಿ ಮುಚ್ಚಿಸಿದ್ರಿ. ಹದ್ದನ್ನ ಯಾರೂ ಬೆನ್ನಟ್ಟಲಿಲ್ಲ, ಅದರ ಊಟ ತಗದ್ರಿ, ಅಷ್ಟ. ಲಾನಿಗೂ ಅದ ಸೂತ್ರ.

ನಾನು: ಮಾಗಡಿಯವರು ಮಾತ್ರ ಹೇಗೆ ಸಹಿಸ್ಕೊಂಡಿದ್ದಾರೆ?

ಹೆಬ್ಬಾತು: ಕೆರಿ ದೊಡ್ಡದೇನಲ್ಲ, 134 ಎಕರೆ. ಹಗಲು ಅಲ್ಲೆ ನೀರಾಗ ಕುಂತಿರ್ತೀವಿ. ಕತ್ತಲಾದ ಮ್ಯಾಲೆ ಸುತ್ತಲ ಹೊಲಕ್ಕ ಇಳೀತೀವಿ. ಅದು ನಿಮ್ಮ ಲಾನಿನಂಗ ಚೆಂದಕ್ಕ ಬೆಳದದ್ದಲ್ಲ, ಒಬ್ಬ ರೈತನ ವರ್ಷದ ಗಂಜಿ. ಬೈತಾರ. ಹೊಲದಾಗ ನಿಂತು ಹೋ ಅಂತ ಕೂಗಿ ಎಬ್ಬಸ್ತಾರ. ಆದ್ರ ಕೆರಿ ಮುಚ್ಚಬೇಕು ಅಂತ ಯಾರೂ ಅಂದಿಲ್ಲ. 2024ರಾಗ ರಾಮ್ಸಾರ್ ಪಟ್ಟಿಗೆ ಆ ಕೆರಿ ಸೇರಿತು. ಫೋಟೋ ತಗಸ್ಕೊಂಡವರು ಬ್ಯಾರೆ, ಬೆಳಿ ಕಳಕೊಂಡವರು ಬ್ಯಾರೆ. ಇದನ್ನ ಮಾತ್ರ ದಪ್ಪ ಅಕ್ಷರದಾಗ ಹಾಕು.

(ಹಾಕಿದ್ದೇನೆ ಎಂದುಕೊಳ್ಳಿ.)

ನಾನು: ಕೊನೆಯದಾಗಿ, ನಮ್ಮ ಸಂಘಕ್ಕೆ ನಿಮ್ಮ ಕಡೆಯಿಂದ ಏನಾದರೂ ಸಂದೇಶ?

ಹೆಬ್ಬಾತು: ಸಂದೇಶ ಅಲ್ಲ, ಒಂದು ಅರ್ಜಿ. ಹುಲ್ಲು ಕತ್ತರಿಸೂ ಗುತ್ತಿಗೆ ನಮಗ ಕೊಡ್ರಿ. ಪೆಟ್ರೋಲ್ ಬ್ಯಾಡ, ಯಂತ್ರದ ಸಪ್ಪಳ ಇಲ್ಲ, ಗೊಬ್ಬರ ಮ್ಯಾಲಿಂದ ಪುಕ್ಕಟ. ಮಾರ್ಚಿನಾಗ ನಾವಾಗೇ ಜಾಗಾ ಖಾಲಿ ಮಾಡ್ತೀವಿ, ಓಡಸೂ ಖರ್ಚೂ ಇಲ್ಲ. ಅರ್ಜಿ ಯಾವ ಪಾಲಿಕೆಗೆ ಕೊಡಬೇಕು ಅಂತ ಅಷ್ಟ ವಿಚಾರಿಸು. ಹ್ವಾದ ಸಲ ಬಂದಾಗ ಒಂದ ಇತ್ತು, ಈಗ ಐದು ಆಗ್ಯಾವಂತ.

ಅಲ್ಲಿಂದಲೇ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಯೋಚನೆ ಚೆನ್ನಾಗಿದೆ ಅಂದರು. ಆದರೆ ಸಂಘದ ನಿಯಮದಂತೆ ಮೂರು ಕೊಟೇಶನ್ ಬೇಕು, ಜೊತೆಗೆ ಜಿಎಸ್‌ಟಿ ನಂಬರೂ ಬೇಕು. ಮೇಡಂಗೆ ತಿಳಿಸಿದೆ. ಎರಡನೇ ಕೊಟೇಶನ್ ಬೂದು ಹೆಬ್ಬಾತುಗಳಿಂದ ತರಿಸಬಹುದು, ಮೂರನೆಯದಕ್ಕೆ ಪಾರಿವಾಳವನ್ನು ಕೇಳಿ ನೋಡುತ್ತೇನೆ, ಹೇಗೂ ಸಂಘದ ಆಫೀಸಿನ ಸಜ್ಜಾದ ಮೇಲೇ ಅವರ ವಾಸ ಎಂದರು. ಜಿಎಸ್‌ಟಿಗೆ ವಿಳಾಸದ ಪುರಾವೆ ಬೇಕಲ್ಲ ಎಂದೆ. ‘ಚಲ್ಲಘಟ್ಟ ಕೆರಿ, ಬೆಂಗಳೂರು ಅಂತ ಬರಿ’ ಅಂದರು.