ನನಗೂ ಬಂತು ಮೆರಿಟ್ ಸ್ಕಾಲರ್‌ಶಿಪ್

ಮೈಸೂರಿನಲ್ಲಿ ಮಕ್ಕಳು ಸೆಕೆಂಡ್ ಪಿಯುಗೆ ಬಂದರೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅಪ್ಪಂದಿರ ಮಾತೇ ಬದಲಾಗುತ್ತದೆ. ಅಲ್ಲಿಯವರೆಗೆ ಮಂಡಿನೋವು, ಆಮೇಲೆ ಕಟಾಫ್. ಎನ್‌ಐಇಯಲ್ಲಿ ಕಂಪ್ಯೂಟರ್ ಸೈನ್ಸ್ ಎಷ್ಟಕ್ಕೆ ನಿಂತಿತು, ಎಸ್‌ಜೆಸಿಇಯಲ್ಲಿ ಎಲೆಕ್ಟ್ರಾನಿಕ್ಸ್ ಎಷ್ಟಕ್ಕೆ ಮುಗಿಯಿತು ಎಂಬುದನ್ನು, ಸ್ವಂತ ಮಗ ಯಾವ ಸೆಕ್ಷನ್ನಿನಲ್ಲಿದ್ದಾನೆಂದು ಗೊತ್ತಿಲ್ಲದವರೂ ಬಾಯಿಪಾಠ ಒಪ್ಪಿಸುತ್ತಾರೆ. ಒಂದು ಬೆಳಿಗ್ಗೆ ನಾನು ಸುಮ್ಮನಿರಲಾರದೆ, "ನಾನಂತೂ ಫೀಸೇ ಕಟ್ಟಲ್ಲ ಕಣ್ರೀ. ಮೆರಿಟ್ ಸ್ಕಾಲರ್‌ಶಿಪ್ ಕೊಡೋ ಕಾಲೇಜು ಹುಡುಕ್ತೀನಿ" ಎಂದುಬಿಟ್ಟೆ. ಕಲ್ಲುಬೆಂಚಿನ ಮೇಲಿದ್ದವರೆಲ್ಲ ನನ್ನತ್ತ ತಿರುಗಿದರು. ಮುಂದಿನದೆಲ್ಲ ನಡೆದದ್ದು ಆ ಗೌರವ ಉಳಿಸಿಕೊಳ್ಳುವುದಕ್ಕೆ.

ಮೊದಲು ತಟ್ಟಿದ್ದು ಸರ್ಕಾರದ ಬಾಗಿಲು. ಎಸ್‌ಎನ್‌ಕ್ಯೂ ಎಂಬ ಕೋಟಾ ಇದೆ. ಮಂಜೂರಾದ ಸೀಟುಗಳ ಮೇಲೆ ಇನ್ನೂ ಶೇ. 5, ಅಂದರೆ 60 ಸೀಟಿನ ಬ್ರಾಂಚಿಗೆ ಮೂರು. ಬೋಧನಾ ಶುಲ್ಕ ಮಾಫಿ. ಆದರೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ ಕೊಡುವ ಎಐಸಿಟಿಇಯ ಪ್ರಗತಿ ಯೋಜನೆಗೂ ಅದೇ 8 ಲಕ್ಷದ ಗೆರೆ. ನನ್ನನ್ನು ಆ ಗೆರೆ ದಾಟಿಸಿದ್ದು ಎರಡು ವರ್ಷದ ಹಿಂದಿನ ಬಡ್ತಿ. ಅದಕ್ಕಾಗಿ ಹರಕೆ ಹೊತ್ತು ಚಾಮುಂಡಿಬೆಟ್ಟದ ಮೆಟ್ಟಿಲನ್ನೆಲ್ಲ ಹತ್ತಿದ್ದೆ. ಕೊಟ್ಟ ವರ ವಾಪಸು ತಗೋ ತಾಯಿ ಎಂದು ಈಗ ಯಾವ ಮುಖ ಹೊತ್ತು ಹತ್ತಲಿ?

ಸರಿ, ಸ್ಕಾಲರ್‌ಶಿಪ್ ಹೋಗಲಿ, ಸಿಇಟಿಯಲ್ಲಿ ಮೀಸಲಾತಿಯಾದರೂ ದಕ್ಕಿದರೆ ಕಡಿಮೆ ಫೀಸಿನ ಸೀಟು ಸಿಕ್ಕೀತೆಂದು ನೋಡಿದೆ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ನಂಜನಗೂಡಿನಾಚೆ ನಮ್ಮೂರಿನಲ್ಲಿ ಮನೆಯೆದುರೇ ಕನ್ನಡ ಶಾಲೆಯಿತ್ತು. ಮಗಳು ಇಂಜಿನಿಯರ್ ಆಗಲಿ ಅಂತಲೇ ಊರು ಬಿಟ್ಟು ಬಂದು, ಕುವೆಂಪುನಗರದಲ್ಲಿ ಬಾಡಿಗೆ ಮನೆ ಹಿಡಿದು, ಡೊನೇಷನ್ ಕೊಟ್ಟು ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿದ್ದೆ. ದುಡ್ಡು ಕೊಟ್ಟು ಎರಡೂ ಮೀಸಲಾತಿ ಕಳೆದುಕೊಂಡವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಲಾರೆ, ಅದೊಂದು ಸಮಾಧಾನ.

"ಕೆಲಸ ಬಿಟ್ಬಿಡಿ, ಊರಿಗೆ ಹೋಗೋಣ. ಅವಳನ್ನ ಮತ್ತೆ ಒಂದನೇ ಕ್ಲಾಸಿಗೆ ಸೇರ್ಸಿ. ಎಲ್ಲಾ ಸಿಗುತ್ತೆ" ಎಂದಳು ಹೆಂಡತಿ.

ನಮ್ಮ ತಾತ ಇದೇ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ. ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಎಷ್ಟು ಎಂದು ಯಾವ ಮನೆಯ ಅಜ್ಜಿಯೂ ಕೇಳಲಿಲ್ಲ, ಹುಳಿ ಬಡಿಸುವ ಮುಂಚೆ ಓಟಿಪಿಯೂ ಬರಲಿಲ್ಲ.

ಆಗಲೇ ಒಂದು ಕಲ್ಯಾಣಮಂಟಪದಲ್ಲಿ ಶಿಕ್ಷಣ ಮೇಳ ನಡೆಯಿತು. ಹಿಂದಿನ ದಿನದ ಮದುವೆಯ ಬಾಳೆಕಂಬ ಬಾಗಿಲಲ್ಲಿ ಇನ್ನೂ ಹಾಗೇ ಇತ್ತು. ಒಳಗೆ ವರನ ಕಡೆಯವರಂತೆ ಕೋಟು ಹಾಕಿಕೊಂಡು ನಿಂತವರು ಯಾವುದೋ ದೂರದ ಕಾಲೇಜಿನವರು. "ಬನ್ನಿ ಸರ್, ಮೆರಿಟ್ ಸ್ಕಾಲರ್‌ಶಿಪ್ ಇದೆ" ಎಂದರು. ಪಿಯು ಫಲಿತಾಂಶ ಇನ್ನೂ ಬಂದಿಲ್ಲವಲ್ಲ ಎಂದೆ. "ಅದೇನೂ ತೊಂದರೆ ಇಲ್ಲ ಸರ್" ಎಂದು ಫಾರಂ ಕೊಟ್ಟರು. ಓದುವ ಕನ್ನಡಕ ಮನೆಯಲ್ಲಿತ್ತು. ಹೆಸರು ಎಂಬಲ್ಲಿ, ಬ್ಯಾಂಕು, ರೇಷನ್ ಕಾರ್ಡು, ಗ್ಯಾಸ್ ಎಲ್ಲ ಕಡೆಯೂ ರೂಢಿಯಾಗಿದ್ದಂತೆ ನನ್ನದೇ ಹೆಸರು ಬರೆದೆ. ಅಂಕಗಳ ಕಾಲಂ ಖಾಲಿ. ಒಂದು ಚೀಲ, ಒಂದು ಪೆನ್ನು ಕೊಟ್ಟು ಕಳಿಸಿದರು.

ಎರಡು ದಿನ ಬಿಟ್ಟು ಫೋನು ಬಂತು. ಜೇನಿನಂಥ ದನಿ. "ಕಂಗ್ರಾಜುಲೇಷನ್ಸ್! ನಿಮ್ಮ ಪ್ರತಿಭೆ ಗುರುತಿಸಿ ಶೇಕಡ 75 ಸ್ಕಾಲರ್‌ಶಿಪ್ ಕೊಡ್ತಾ ಇದೀವಿ. ಎಐ ತಗೋತೀರಾ, ಡೇಟಾ ಸೈನ್ಸಾ?"

ತಪ್ಪು ತಿದ್ದಬೇಕಿತ್ತು ನಿಜ. ಆದರೆ ನಾನು ಪಿಯು ಮುಗಿಸಿದ್ದು 1991ರಲ್ಲಿ. ಸಿಇಟಿ ಬಂದದ್ದು 1994ರಲ್ಲಿ; ನಮ್ಮ ಕಾಲಕ್ಕೆ ಪಿಯು ಅಂಕವೇ ಎಲ್ಲ. ಫಿಸಿಕ್ಸಿನಲ್ಲಿ ನಾನು ತೆಗೆದದ್ದನ್ನು ನೋಡಿ ಇಂಜಿನಿಯರಿಂಗ್ ಕಾಲೇಜಿನವರು ಅರ್ಜಿಯನ್ನೇ ಮಾರಲು ಹಿಂಜರಿದಿದ್ದರು. ಯುವರಾಜ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ, ಗುಮಾಸ್ತನಾಗಿ ಸೇರಿ, ಇಷ್ಟು ವರ್ಷ ಯಾರೂ ಗುರುತಿಸದೆ ಉಳಿದಿದ್ದ ಪ್ರತಿಭೆಯನ್ನು ಇವರು ಅಂಕಪಟ್ಟಿಯನ್ನೂ ನೋಡದೆ ಗುರುತಿಸಿದ್ದರು. ಗಂಟಲು ಸರಿಮಾಡಿಕೊಂಡು, "ಮೆಕ್ಯಾನಿಕಲ್ ಸಿಗುತ್ತಾ?" ಎಂದೆ.

ಪತ್ರವೂ ಬಂತು. ಕೆರೆ ಏರಿಯ ಮೇಲೆ ಹೆಸರಿನ ಜಾಗಕ್ಕೆ ಹೆಬ್ಬೆರಳು ಒತ್ತಿ ಎಲ್ಲರಿಗೂ ತೋರಿಸಿದೆ. ಮನೆಯಲ್ಲಿ ಆ ಉಪಾಯ ನಡೆಯಲಿಲ್ಲ. ಮಗಳು ಕಿತ್ತುಕೊಂಡು ಓದಿ, ಮೊದಲು ನಕ್ಕು, ಆಮೇಲೆ ಲೆಕ್ಕ ಹಾಕಿದಳು. ಶೇ. 75 ಇದ್ದದ್ದು ಟ್ಯೂಷನ್ ಫೀಸಿಗೆ ಮಾತ್ರ. ಅದರ ಕೆಳಗೆ ಲ್ಯಾಬು, ಸ್ಕಿಲ್, ಬಸ್ಸು, 'ಇತರೆ' ಎಂದು ಸಣ್ಣಕ್ಷರದಲ್ಲಿದ್ದುದನ್ನು ಕೂಡಿದರೆ, ಸ್ಕಾಲರ್‌ಶಿಪ್ ಕಳೆದ ಮೇಲೂ ಮೊತ್ತ ಸಿಇಟಿ ಸೀಟಿನ ಫೀಸನ್ನು ಮೀರುತ್ತಿತ್ತು. ಎರಡನೇ ವರ್ಷಕ್ಕೂ ಈ ಔದಾರ್ಯ ಮುಂದುವರಿಯಬೇಕಾದರೆ ಸಿಜಿಪಿಎ ಒಂಬತ್ತಕ್ಕಿಂತ ಕೆಳಗಿಳಿಯಕೂಡದು. "ನಿಮ್ಮ ಕೈಲಾಗುತ್ತಾ ಅಪ್ಪ?" ಎಂದಳು.

ನಾನು ಪ್ರತಿಭಾವಂತನಾಗಿ ಓಡಾಡುತ್ತಿದ್ದ ಆ ದಿನಗಳಲ್ಲಿ ಅವಳು ತನ್ನಪಾಡಿಗೆ ಸಿಇಟಿ ಬರೆದಿದ್ದಳು. ಪಿಯು ಅಂಕದ ಅರ್ಧ, ಸಿಇಟಿಯ ಅರ್ಧ ಸೇರಿಸಿ ಕೆಇಎ ಕೊಟ್ಟ ರ‍್ಯಾಂಕಿಗೆ ಮೈಸೂರಿನಲ್ಲೇ ಸರ್ಕಾರಿ ಕೋಟಾದ ಸೀಟಾಯಿತು. ಆಪ್ಷನ್ ಎಂಟ್ರಿ ಮಾಡುವಾಗ ನನ್ನನ್ನು ಕರೆದದ್ದು ಒಂದೇ ಸಲ, ಫೋನಿಗೆ ಬಂದ ಓಟಿಪಿ ಓದಿ ಹೇಳುವುದಕ್ಕೆ. ಅದನ್ನೂ ಕನ್ನಡಕ ಹುಡುಕುವಷ್ಟರಲ್ಲಿ ಅವಧಿ ಮುಗಿದು, ಎರಡನೆಯದನ್ನು ತರಿಸಿಕೊಳ್ಳಬೇಕಾಯಿತು.

ಫೀಸು ಕಟ್ಟಿ ಬಂದ ಸಂಜೆ ಜೇನುದನಿಯವರು ಮತ್ತೆ ಫೋನು ಮಾಡಿದರು. ಈ ಸಲ ಹೆಂಡತಿ ಸ್ಪೀಕರ್ ಒತ್ತಿದಳು.

"ಸರ್, ನಿಮ್ಮ ಸೀಟು ಹಾಗೇ ಇಟ್ಟಿದೀವಿ. ಹಾಸ್ಟೆಲ್ ಬೇಕಾ?"

ನಾನು ಬಾಯಿ ತೆರೆಯುವ ಮೊದಲೇ ಇವಳು ಅಡುಗೆಮನೆಗೆ ಹೋಗುತ್ತ, "ಬೇಕು ಅನ್ನಿ. ಸಕ್ಕರೆ ಕಾಯಿಲೆಯವರಿಗೆ ರಾತ್ರಿ ಚಪಾತಿ ಮಾಡಿ ಕೊಡ್ತಾರಾ ಅದನ್ನೂ ಕೇಳ್ಕೊಳ್ಳಿ" ಎಂದಳು.