ಬಡನಡುವೂ ಪ್ಯಾಂಟೂ

ಸೊಂಟದ ಅಳತೆ ನೋಡಿ ಕೊಂಡ ಪ್ಯಾಂಟು ತೊಡೆ ದಾಟಿ ಮೇಲೇರುವುದಿಲ್ಲ. ತೊಡೆ ದಾಟಿದ್ದು ಸೊಂಟದಲ್ಲಿ ನಿಲ್ಲುವುದಿಲ್ಲ. ಮೈ ತುಂಬಿಕೊಂಡ ಹೆಂಗಸರ ಪ್ಯಾಂಟಿನ ತಾಪತ್ರಯವೆಲ್ಲ ಇಷ್ಟೇ. ಬಡನಡುವನ್ನೂ ಮಳಲದಿಣ್ಣೆಯಂಥ ನಿತಂಬವನ್ನೂ ಹಳೆಯ ಕವಿಗಳು ಒಂದೇ ಉಸಿರಿನಲ್ಲಿ ಹೊಗಳಿದರು. ರೆಡಿಮೇಡ್ ಹೊಲಿಯುವವರು ಆ ಕಾವ್ಯ ಓದಿದಂತಿಲ್ಲ. ಅವರ ಲೆಕ್ಕದಲ್ಲಿ ಸೊಂಟಕ್ಕೂ ಅದರ ಕೆಳಗಿನ ಸುತ್ತಳತೆಗೂ ಸುಮಾರು 10 ಇಂಚಿನ ವ್ಯತ್ಯಾಸ. ಅದು 13 ಆಯಿತೋ, ಕೂತಾಗ ಬೆನ್ನ ಹಿಂದೆ ಒಂದು ಕಿಂಡಿ ತೆರೆಯುತ್ತದೆ. ಒಂದು ಹಿಡಿ ಕಡಲೆಕಾಯಿ ಸಲೀಸಾಗಿ ಸುರಿಯಬಹುದು. ಬೆಲ್ಟು ಬಿಗಿದರೆ ಆ ಕಿಂಡಿ ಗೋಣಿಚೀಲದ ಬಾಯಿಯಂತೆ ಮುದುರಿಕೊಳ್ಳುತ್ತದೆಯೇ ಹೊರತು ಮಾಯವಾಗುವುದಿಲ್ಲ.

ಆದ್ದರಿಂದ ಟೇಪು ಹಿಡಿಯಬೇಕಾದ್ದು ಮೈ ಅತಿ ಅಗಲವಾಗಿರುವ ಕಡೆ. ಅಲ್ಲಿಗೆ ಸರಿಹೋಗುವುದನ್ನು ಕೊಂಡು, ಸೊಂಟವನ್ನು ಟೈಲರ್ ಹತ್ತಿರ ಹಿಡಿಸಬೇಕು. ಹಿಂದಿನ ಹೊಲಿಗೆ ಬಿಚ್ಚಿ ಎರಡು ಇಂಚು ಒಳಗೆ ಸೇರಿಸುವುದು ಅವನಿಗೆ ದೊಡ್ಡ ಕೆಲಸವಲ್ಲ. ಬಿಗಿಯಾದದ್ದನ್ನು ಬಿಡಿಸಲು ಮಾತ್ರ ಒಳಗೆ ಬಟ್ಟೆಯೇ ಇರುವುದಿಲ್ಲ. ಜೀನ್ಸಿನಲ್ಲಾದರೆ ಹಿಂದಿನ ಪಟ್ಟಿಯ ಕೆಳಗಿರುವ ಯೋಕ್ ನೋಡಬೇಕು. ಆ ತುಂಡು ನಡುವೆ ಎಷ್ಟು ಇಳಿದು ಬಾಣದ ತುದಿಯಂತಿದೆಯೋ, ಬಟ್ಟೆ ಬೆನ್ನಿನ ತಿರುವಿಗೆ ಅಷ್ಟು ಚೆನ್ನಾಗಿ ಒಗ್ಗುತ್ತದೆ. ಕಾಲು ಮೇಲಿಂದ ನೇರವಾಗಿ ಇಳಿದರೆ ಚೆಂದ. ಪಾದದ ಬಳಿ ಕಚ್ಚಿ ಹಿಡಿದರೆ ಬುಗುರಿಯ ನೆನಪಾಗುತ್ತದೆ. ಓರೆ ಜೇಬು ಆನೆಯ ಕಿವಿಯಂತೆ ಎದ್ದು ನಿಂತರೆ ಪ್ಯಾಂಟು ಬಿಗಿ ಎಂದೇ ಅರ್ಥ. ಕಪ್ಪು ಬಣ್ಣ ತೆಳ್ಳಗೆ ತೋರಿಸುತ್ತದೆಂಬ ನಂಬಿಕೆ ಗಟ್ಟಿಯಾದದ್ದು. ಅಳತೆ ತಪ್ಪಿದ ಕಪ್ಪು ಪ್ಯಾಂಟೂ ಅಳತೆ ತಪ್ಪಿದ ಪ್ಯಾಂಟೇ.

ಸ್ಕರ್ಟು ಇಷ್ಟು ಸತಾಯಿಸುವುದಿಲ್ಲ. 1955ರಲ್ಲಿ ಪ್ಯಾರಿಸ್ಸಿನ ಕ್ರಿಶ್ಚಿಯನ್ ಡಿಯೋರ್ ತನ್ನ ಉಡುಪುಗಳಿಗೆ 'ಎ-ಲೈನ್' ಎಂದು ಹೆಸರಿಟ್ಟಾಗ ಫ್ಯಾಷನ್ ಲೋಕ ತಲೆದೂಗಿತು. ಮೇಲೆ ಕಿರಿದು, ಕೆಳಗೆ ಅಗಲ: ಸೀರೆಯೊಳಗಿನ ಆರು ಪೀಸಿನ ಲಂಗಕ್ಕೂ ಇದೇ ಸೂತ್ರ. ಜೊತೆಗೆ ಲಂಗಕ್ಕೆ ಲಾಡಿ ಬೇರೆ ಇದೆ. ಹಬ್ಬದೂಟದ ಮುಂಚೆ ಒಂದು ಗಂಟು, ಆಮೇಲೆ ಇನ್ನೊಂದು. ಸೊಂಟದಿಂದಲೇ ಸುರುವಾಗುವ ದಪ್ಪ ಬಟ್ಟೆಯ ನೆರಿಗೆ ಇಲ್ಲದ ಗಾತ್ರವನ್ನೂ ತಂದುಕೊಡುತ್ತದೆ. ನಾಲ್ಕೈದು ಇಂಚು ಕೆಳಗಿನವರೆಗೆ ನೆರಿಗೆಯನ್ನು ಹೊಲಿದು ಕೂರಿಸಿದ್ದರೆ ಪರವಾಗಿಲ್ಲ. ಕ್ರಾಸ್ ಕಟಿಂಗಿನ ಸ್ಕರ್ಟು ನೀರಿನಂತೆ ಮೈಮೇಲೆ ಇಳಿಯುತ್ತದೆ, ಆದರೆ ತೆಳುಬಟ್ಟೆಯಾದರೆ ಒಳ ಉಡುಪಿನ ಅಂಚನ್ನೂ ಊರಿಗೆಲ್ಲ ಸಾರುತ್ತದೆ. ಪೆನ್ಸಿಲ್ ಸ್ಕರ್ಟಿಗೆ ಹಿಂದೆ ಸೀಳು ಬೇಕೇ ಬೇಕು. ಇಲ್ಲದಿದ್ದರೆ ಬಸ್ಸಿನ ಮೆಟ್ಟಿಲು ಹತ್ತುವ ಹೊತ್ತಿಗೆ ಕಂಡಕ್ಟರ್ ಸೀಟಿ ಊದಿರುತ್ತಾನೆ.

ಕನ್ನಡಿಯ ಮುಂದೆ ನೆಟ್ಟಗೆ ನಿಂತು ಉಸಿರು ಬಿಗಿಹಿಡಿದರೆ ಯಾವ ಪ್ಯಾಂಟಾದರೂ ಚೆಂದವೇ. ಬಿಲ್ ಮಾಡಿಸುವ ಮೊದಲು ಟ್ರಯಲ್ ರೂಮಿನ ಸ್ಟೂಲಿನ ಮೇಲೆ ಒಮ್ಮೆ ಕೂತು, ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಬಗ್ಗಿ ನೋಡಿ. ಹಿಡಿಸಿ ಸರಿಮಾಡಲಾಗದಷ್ಟು ದೊಡ್ಡ ಕಿಂಡಿಯಾದರೆ, ಪ್ಯಾಂಟನ್ನು ಅಲ್ಲೇ ಮೊಳೆಗೆ ನೇತುಹಾಕಿ ಬನ್ನಿ.